ಉಗ್ರಪ್ಪ ಹಾಕಿದ ನೆಲ

ನಡುಮನೆಯ ಹಳೆಯ ನೆಲವನ್ನು ಒಡೆದುಹಾಕಿ ಇಪ್ಪತ್ತೆರಡು ದಿನವಾಗಿತ್ತು. ಒಡೆಯಲು ಬಂದವರು ಅರ್ಧ ದಿನದಲ್ಲಿ ಒಡೆದು, ಹೆಂಟೆಗಳನ್ನು ಟ್ರ್ಯಾಕ್ಟರಿಗೆ ತುಂಬಿಕೊಂಡು ಹೊರಟುಹೋದರು. ಹೊಸದಾಗಿ ಟೈಲ್ಸ್ ಹಾಕಬೇಕಾಗಿದ್ದ ಮೇಸ್ತ್ರಿ ನಂಜುಂಡಯ್ಯ ಮಾತ್ರ ಮೊದಲು ಸೋಮವಾರ ಅಂದ, ಆಮೇಲೆ ಗುರುವಾರ ಅಂದ, ಅಮಾವಾಸ್ಯೆ ಕಳೆಯಲಿ ಅಂದ, ಕಡೆಗೆ ಫೋನು ಎತ್ತುವುದನ್ನೇ ಬಿಟ್ಟ. ಹನ್ನೊಂದು ಬಾಕ್ಸ್ ಟೈಲ್ಸ್ ಗೋಡೆಗೆ ಒರಗಿಕೊಂಡು ಧೂಳು ಕುಡಿಯುತ್ತ ಕೂತಿದ್ದವು.

ಧನುಶ್ರೀ ದಿನಾ ಬೆಳಿಗ್ಗೆ ಸೀರೆಯ ನೆರಿಗೆ ಎತ್ತಿ ಹಿಡಿದು, ಮಣ್ಣಿನ ಮೇಲೆ ಹಾಸಿದ ಹಲಗೆಯ ಮೇಲೆ ಸರ್ಕಸ್ಸಿನವಳ ಹಾಗೆ ನಡೆದು ಬಾಗಿಲು ದಾಟಬೇಕಾಗಿತ್ತು. ಅವಳು ಅರಸೀಕೆರೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಎಷ್ಟು ಜಾಗ್ರತೆಯಾಗಿ ನಡೆದರೂ ಶಾಲೆ ತಲುಪುವಾಗ ಸೀರೆಯ ಅಂಚಿಗೆ ಬಿಳೀ ಧೂಳು ಮೆತ್ತಿರುತ್ತಿತ್ತು. ಮನೆಗೆ ಬಂದರೆ ಅನ್ನದಲ್ಲಿ ಮರಳು, ಹಾಸಿಗೆಯಲ್ಲಿ ಮರಳು, ಬಾಚಣಿಗೆಯಲ್ಲೂ ಮರಳು.

ದಸರಾ ರಜೆಯ ಮೊದಲ ದಿನ ಅವಳು ನಂಜುಂಡಯ್ಯನಿಗೆ ಐದು ಸಲ ಫೋನು ಮಾಡಿದಳು. ಐದನೆಯ ಸಲಕ್ಕೆ ಎತ್ತಿದ.

"ಮೇಡಂ, ಬೇಲೂರಲ್ಲಿ ಒಂದು ಲಾಡ್ಜ್ ಕೆಲ್ಸ ಹಿಡ್ಕಂಡಿದೀನಿ. ದೀಪಾವಳಿ ಆಗ್ಲಿ, ಬಂದೇ ಬತ್ತೀನಿ."

"ದೀಪಾವಳೀನಾ? ಹಾಗಿದ್ರೆ ನೆಲ ಒಡೆಸೋಕೆ ಮುಂಚೆ ಹೇಳ್ಬೇಕಿತ್ತಲ್ರೀ!"

"ಒಡ್ದು ಚೆನ್ನಾಗಿ ಒಣಗಿದ್ರೆ ಒಳ್ಳೇದೇ ಮೇಡಂ," ಅಂದ ನಂಜುಂಡಯ್ಯ. ಹಿಂದೆ ಯಾವುದೋ ಮಿಷನ್ನು ಕಿರ್ರೆಂದಿತು. ಫೋನು ಕಟ್ಟಾಯಿತು.

ಧನುಶ್ರೀ ಫೋನನ್ನು ಟೈಲ್ಸ್ ಬಾಕ್ಸಿನ ಮೇಲೆ ಕುಕ್ಕಿದಳು. ಹೊರಗೆ ಜಗಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅವಳ ಅಪ್ಪ ಉಗ್ರಪ್ಪ ಅಲ್ಲಿಂದಲೇ ಕೂಗಿ ಹೇಳಿದ:

"ಆ ನನ್ಮಗನ್ ಕಾಲು ಯಾಕವ್ವ ಹಿಡೀತೀಯ? ನಾನಿಲ್ವಾ?"

ಉಗ್ರಪ್ಪನಿಗೆ ಅರವತ್ತೆಂಟು. ಊರು ಗೆಂಡೆಹಳ್ಳಿಯಲ್ಲಿದ್ದಾಗ ಮೂವತ್ತೈದು ವರ್ಷ ಗಾರೆ ಕೆಲಸಕ್ಕೆ ಹೋದವನು. ಮಗಳು ಮಾಲೇಕಲ್ಲಿಗೆ ಹೋಗುವ ರಸ್ತೆಯ ಬಡಾವಣೆಯಲ್ಲಿ ಈ ಮನೆ ತೆಗೆದುಕೊಂಡ ಮೇಲೆ ಅವನನ್ನೂ ಅಮ್ಮ ಹನುಮಮ್ಮನನ್ನೂ ಕರೆತಂದು ಇರಿಸಿಕೊಂಡಿದ್ದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ಧನುಶ್ರೀಗೆ ಒಂದು ಮೆರವಣಿಗೆ. ಬೇಲೂರಿನ ಒಂದು ಹಳೇ ಲಾಡ್ಜು ಬಂದರೆ ಅಪ್ಪ ಕಿಟಕಿಯಿಂದ ಬೆರಳು ತೋರಿಸಿ, "ಅದರ ನೆಲ ನಂದು ಕಣವ್ವ" ಅನ್ನುತ್ತಿದ್ದ. ಹಳೇಬೀಡಿನ ಸ್ಕೂಲು ಬಂದರೆ ಅದರ ನೆಲವೂ ಅವನದೇ. ಅರಸೀಕೆರೆಯಲ್ಲಿ ಒಂದು ಕಲ್ಯಾಣ ಮಂಟಪ, ಒಬ್ಬ ಡಾಕ್ಟರ ಮನೆ, ಇನ್ನೊಬ್ಬ ವಕೀಲರ ಮನೆ. ಅಪ್ಪ ಇಲ್ಲದಿದ್ದರೆ ಈ ಮೂರು ಊರಿನ ಜನ ಮಣ್ಣಿನ ಮೇಲೇ ಓಡಾಡಬೇಕಾಗಿತ್ತು ಎಂದು ಅವಳು ಬಹಳ ದಿನ ನಂಬಿದ್ದಳು.

"ನಿನ್ ಮಂಡಿ ಮಡಿಸೋಕಾಗಲ್ಲವಲ್ಲ ಅಪ್ಪ."

"ಮಂಡಿ ನಿಂದು, ಬಾಯಿ ನಂದು. ನಾನ್ ಹೇಳ್ತೀನಿ, ನೀನ್ ಇಡು. ಕೂಡೋದು ಕಳ್ಯೋದು ಗೊತ್ತಿರೋಳು ನೀನು, ನಾಲ್ಕು ಕಲ್ಲು ಸಾಲಾಗಿ ಇಡಕ್ಕೆ ಏನು?"

ಕೋಪದಲ್ಲಿದ್ದ ಧನುಶ್ರೀಗೆ ಆ ಮಾತು ಸರಿಯಾಗಿಯೇ ಕಂಡಿತು. ನಡುಮನೆ ಹದಿನಾಲ್ಕಡಿ ಉದ್ದ, ಹನ್ನೊಂದಡಿ ಅಗಲ. ಟೈಲ್ಸು ಎರಡಡಿಗೆ ಎರಡಡಿ. ಒಂದು ಸಾಲಿಗೆ ಏಳು, ಅಂಥ ಐದು ಸಾಲು, ಕೊನೆಗೆ ಅರ್ಧರ್ಧ ಕತ್ತರಿಸಿದ್ದು ಒಂದು ಸಾಲು. ಮೂವತ್ತೊಂಬತ್ತು ಸಾಕು, ಮನೆಯಲ್ಲಿ ನಲವತ್ನಾಲ್ಕು ಇದ್ದವು. ಕಾಗದದ ಮೇಲೆ ಈ ಕೆಲಸ ಎರಡು ನಿಮಿಷದಲ್ಲಿ ಮುಗಿದುಹೋಯಿತು.

ಮಾರನೆಯ ದಿನ ಅವಳು ಹಳೆಯ ಚೂಡಿದಾರ ಹಾಕಿಕೊಂಡು, ತಲೆಗೆ ಟವೆಲು ಸುತ್ತಿ ನಿಂತಳು. ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೆ ಹನುಮಮ್ಮ ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ಉಗ್ರಪ್ಪ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು, ಸಲಿಕೆ ಹಿಡಿದು ಸಿಮೆಂಟು ಮರಳು ಕಲಸಿದ. ಮಂಡಿ ನೋವಿನ ಮುದುಕ ಹಾಗೆ ಕಲಸುತ್ತಾನೆಂದು ಅವಳು ಎಣಿಸಿರಲಿಲ್ಲ. ಸಲಿಕೆ ಎಲ್ಲೂ ತಡವರಿಸಲಿಲ್ಲ. ನೀರನ್ನು ಕೈಯಿಂದಲೇ ಚಿಮುಕಿಸಿ, ಒಂದು ಹಿಡಿ ಎತ್ತಿ ಹಿಸುಕಿ, ಮುಷ್ಟಿ ಬಿಚ್ಚಿ ತೋರಿಸಿದ. ಉಂಡೆ ಒಡೆಯದೆ ನಿಂತಿತ್ತು, ಅಂಗೈಗೆ ತೇವ ಅಂಟಿರಲಿಲ್ಲ.

"ಇದು ಹದ," ಅಂದ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

"ಎಲ್ಲಿಂದ ಶುರು ಮಾಡ್ಲಿ?"

ಉಗ್ರಪ್ಪ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದ. "ಆ ಹಿಂದ್ಗಡೆ ಗೋಡೆಯಿಂದ ಬಾ."

"ಫೋನಲ್ಲಿ ನೋಡ್ದೆ. ಮೊದ್ಲು ಸುತ್ತ ಮಟ್ಟ ನೋಡಿ ಗುರುತು ಹಾಕ್ಕೋಬೇಕಂತೆ."

"ಫೋನ್ ನೋಡ್ಕಂಡು ನೆಲ ಹಾಕಂಗಿದ್ರೆ ನಾವ್ಯಾಕೆ ಇರ್ಬೇಕಿತ್ತು? ಗೋಡೆಗೆ ಅಂಟಿಸ್ಕಂಡು ಬಾ ಅಂದೆ."

ಅವಳು ಗೋಡೆಗೆ ಅಂಟಿಸಿಕೊಂಡೇ ಬಂದಳು. ಮರಳು ಸಿಮೆಂಟಿನ ಹಾಸು ಹರಡಿ, ಹಲಗೆಯಿಂದ ಎಳೆದು ಸಮ ಮಾಡಿದಳು. ಉಗ್ರಪ್ಪ ಗಂಜಿಯ ಹಾಗೆ ಕದಡಿದ ಸಿಮೆಂಟ್ ನೀರನ್ನು ಬಕೆಟ್ಟಿನಲ್ಲಿ ತಂದು ಬಾಗಿಲಲ್ಲಿ ಇಟ್ಟ. "ಇದು ಒಂದು ಸಾಲಿಗೆ ಬತ್ತೈತೆ. ಸಾಲಿನುದ್ದಕ್ಕೂ ಹುಯ್ಯಿ." ಅವಳು ಹುಯ್ದಳು. ಮೊದಲ ಟೈಲ್ಸು ಕೂತಿತು. ಎರಡನೆಯದೂ ಕೂತಿತು. ಮೂರನೆಯದನ್ನು ಇಟ್ಟಾಗ ಗೋಡೆಯ ಕಡೆ ಸಂದು ಬಿಟ್ಟುಕೊಂಡಿತು. ಗೋಡೆಗೆ ಸರಿಸಿದರೆ ಎರಡನೆಯದರ ಅಂಚಿಗೆ ಸೊಟ್ಟ ಬಿತ್ತು.

"ಎಡಕ್ಕೆ ತಳ್ಳು," ಅಂದ ಉಗ್ರಪ್ಪ ಬಾಗಿಲಿಂದ.

ತಳ್ಳಿದಳು.

"ಅಯ್ಯೋ ಅಷ್ಟಲ್ಲ, ಬಲಕ್ಕೆ ಬಾ."

ಬಲಕ್ಕೆ ಬಂದಳು. ಅಷ್ಟು ಹೊತ್ತಿಗೆ ಹುಯ್ದಿದ್ದ ಸಿಮೆಂಟ್ ನೀರನ್ನು ಹಾಸು ಹೀರಿಕೊಂಡು, ಮೇಲೆ ಕೆನೆಗಟ್ಟಿತ್ತು. ಏಳನೆಯದು ಒಂದು ಮೂಲೆಯಲ್ಲಿ ಎದ್ದು ನಿಂತಿತು. "ಬಡಿ, ಕೂತ್ಕತೈತೆ," ಅಂದ ಅಪ್ಪ. ರಬ್ಬರ್ ಸುತ್ತಿಗೆಯಲ್ಲಿ ಬಡಿದಳು. "ಇನ್ನೂ ಬಡಿ, ಅನ್ನ ಉಂಡಿಲ್ವಾ?" ಇನ್ನೂ ಬಡಿದಳು. ಟಕ್ಕೆಂದು ಮೂಲೆಯಿಂದ ಮೂಲೆಗೆ ಬಿರುಕು ಓಡಿತು.

"ಕಲ್ಲೇ ಸರಿ ಇಲ್ಲ," ಅಂದ ಉಗ್ರಪ್ಪ. "ಹಪ್ಪಳ ತಂದಿದೀಯ."

ಮಧ್ಯಾಹ್ನದ ಮೇಲೆ ಪಕ್ಕದ ಮನೆಯ ಷಡಕ್ಷರಪ್ಪ ಬಂದರು. ಕೊಬ್ಬರಿ ಮಂಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಬಡಾವಣೆಯಲ್ಲಿ ಎಲ್ಲಿ ಏನು ನಡೆದರೂ ನೋಡಿ ಬರುವುದೇ ಅವರ ಕೆಲಸ. ಊರುಗೋಲು ಹಿಡಿದು ಬಾಗಿಲಲ್ಲಿ ನಿಂತು ಒಳಗೆಲ್ಲ ನೋಡಿದರು.

"ಏನ್ ಉಗ್ರಪ್ಪ, ಮೇಸ್ತ್ರಿ ಆಗ್ಬಿಟ್ಟೆ?"

ಉಗ್ರಪ್ಪ ಸಲಿಕೆ ಎತ್ತಿಕೊಂಡು ಅಂಗಳದ ಆ ಮೂಲೆಗೆ ಹೋದ. ಷಡಕ್ಷರಪ್ಪ ಊರುಗೋಲಿನ ತುದಿಯಿಂದ ಒಂದು ಟೈಲ್ಸಿನ ಮೇಲೆ ಕುಟ್ಟಿ, ಕಿವಿ ಕೊಟ್ಟು ಕೇಳಿ, ಇನ್ನೊಂದರ ಮೇಲೆ ಕುಟ್ಟಿದರು.

"ಡಬಡಬ ಅಂತೈತಲ್ಲ ಮೇಡಂನೋರೇ. ಒಳಗೆ ಪೊಳ್ಳು."

"ಇನ್ನೂ ಹಸಿ ಇದೆ ಸಾರ್. ಒಣಗಿದ್ರೆ ಸರಿ ಹೋಗುತ್ತೆ," ಅಂದಳು ಧನುಶ್ರೀ. ಸರಿ ಹೋಗುತ್ತದೋ ಇಲ್ಲವೋ ಅವಳಿಗೇನು ಗೊತ್ತಿತ್ತು? ಅವರನ್ನು ಅಲ್ಲಿಂದ ಕಳಿಸಬೇಕಾಗಿತ್ತು, ಅಷ್ಟೇ. ಸಂಜೆಯ ಹೊತ್ತಿಗೆ ಒಂಬತ್ತು ಟೈಲ್ಸು ಕೂತು, ಎರಡು ಒಡೆದಿದ್ದವು. ಅವಳು ಬೆನ್ನು ನೆಟ್ಟಗೆ ಮಾಡಲಾಗದೆ ಗೋಡೆ ಹಿಡಿದು ಎದ್ದಳು.

ಬೆಳಗಾಗುತ್ತಲೇ ಹೋಗಿ ನೋಡಿದಳು. ಮೊದಲನೆಯ ಟೈಲ್ಸಿನ ಅಂಚಿಗೆ ಉಗುರು ಹಾಕಿ ಎತ್ತಿದರೆ, ಊಟದ ತಟ್ಟೆ ಎತ್ತಿದ ಹಾಗೆ ಎದ್ದು ಬಂತು. ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಒಂದು ಕಾಳು ಸಿಮೆಂಟು ಹಿಡಿದಿರಲಿಲ್ಲ. ಎರಡನೆಯದೂ ಹಾಗೆಯೇ, ನಾಲ್ಕನೆಯದೂ ಹಾಗೆಯೇ. ಒಂದು ಚೊಂಬು ನೀರು ತಂದು ಉಳಿದವುಗಳ ಮೇಲೆ ಸುರಿದಳು. ಬಾಗಿಲ ಕಡೆ ಹರಿಯಬೇಕಾದ ನೀರು ಅಡುಗೆಮನೆಯ ಕಡೆ ಹೊರಟಿತು.

ಉಗ್ರಪ್ಪ ಕಾಫಿ ಲೋಟ ಹಿಡಿದುಕೊಂಡೇ ಬಂದು ನೋಡಿದ. "ಮರಳಲ್ಲಿ ದೋಷ," ಅಂದ. "ಈ ಪುಡಿ ಮಾಡಿದ ಮರಳು ಹಿಡಿಯಕ್ಕಿಲ್ಲ. ಹೊಳೆ ಮರಳಾಗಿದ್ರೆ…"

"ಅಪ್ಪ, ಮರಳು ಬಿಡು. ಸಿಮೆಂಟ್ ನೀರು ಹುಯ್ದ ಎಷ್ಟು ಹೊತ್ತಿಗೆ ಟೈಲ್ಸ್ ಇಡ್ಬೇಕು?"

"ಇಡ್ಬೇಕು ಬೇಗ."

"ಬೇಗ ಅಂದ್ರೆ ಎಷ್ಟು? ದಾರ ಎಲ್ಲಿಂದ ಎಲ್ಲಿಗೆ ಕಟ್ತಾರೆ? ಮಟ್ಟ ಯಾವ ಕಡೆಯಿಂದ ಹಿಡೀತಾರೆ?"

"ಎಲ್ಲಿಂದಾದ್ರೂ ಹಿಡೀತಾರೆ! ಕೋರ್ಟಲ್ಲಿ ಕೇಳ್ದಂಗೆ ಕೇಳ್ತೀಯಲ್ಲ. ನಿಂಗೆ ಕೈ ಬರಕ್ಕಿಲ್ಲ, ಅದನ್ನ ಹೇಳು."

ಧನುಶ್ರೀಗೆ ರೇಗಿತು. ಇಪ್ಪತ್ತನಾಲ್ಕು ದಿನದ ಧೂಳು, ನಿನ್ನೆಯ ಬೆನ್ನುನೋವು, ಷಡಕ್ಷರಪ್ಪನವರ ಊರುಗೋಲು ಎಲ್ಲ ಒಟ್ಟಿಗೆ ಬಾಯಿಗೆ ಬಂದವು. "ಮೂವತ್ತೈದು ವರ್ಷ ಏನಪ್ಪ ಕಲಿತೆ ನೀನು? ಒಂದು ಪ್ರಶ್ನೆ ಕೇಳಿದ್ರೆ ಒಂದು ಉತ್ತರ ಇಲ್ಲ. ನಮ್ಮ ಎಂಟನೇ ಕ್ಲಾಸ್ ಮಕ್ಕಳು ಇದಕ್ಕಿಂತ ವಾಸಿ!"

ಉಗ್ರಪ್ಪ ಲೋಟವನ್ನು ಹೊಸಿಲ ಪಕ್ಕ ಇಟ್ಟ. ಹೆಗಲ ಟವೆಲನ್ನು ಕೊಡವಿ ಮತ್ತೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಗೇಟು ತೆಗೆದು ಹೊರಟುಹೋದ.

ಹನುಮಮ್ಮ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತಿದ್ದವಳು ತಲೆ ಎತ್ತದೆಯೇ, "ನಿಮ್ಮಪ್ಪಂಗೆ ನೆಲ ಹಾಕಾದು ಗೊತ್ತಿಲ್ಲ ಕಣೇ," ಅಂದಳು.

"ಅದು ಈಗ ನಂಗೂ ಗೊತ್ತಾಯ್ತಲ್ಲ."

"ಗಾರೆ ಕಲ್ಸಾದು ಗೊತ್ತು. ಮೂವತ್ತೈದು ವರ್ಷ ಅದೇ ಮಾಡಿದ್ದು. ಅಂಗಳದಾಗೆ ಕಲ್ಸಾದು, ಬಾಂಡ್ಲಿ ತಂದು ಬಾಗ್ಲಲ್ಲಿ ಇಡಾದು. ಒಳಗಿರೋ ಆಳು ಎತ್ಕಂಡು ಹೋಗೋನು."

"ಒಳಗ್ಯಾಕೆ ಹೋಗ್ತಿರ್ಲಿಲ್ಲ?"

ಹನುಮಮ್ಮ ಮಗಳ ಮುಖ ನೋಡಿದಳು. ಇಷ್ಟು ಓದಿದವಳು ಇದನ್ನು ಕೇಳಬೇಕೇ ಎನ್ನುವ ಹಾಗೆ ನೋಡಿದಳು. "ಪಾಯ ತೆಗ್ಯೋವಾಗ ಎಲ್ಲ್ ಬೇಕಾದ್ರೂ ಓಡಾಡ್ಬೋದಿತ್ತು. ಬಾಗ್ಲು ನಿಲ್ಸಿ ಪೂಜೆ ಮಾಡಿದ್ ಮೇಲೆ ನಾವು ಹೊಸಲಿಂದ ಆಚೆ. ಲಾಡ್ಜು, ಇಸ್ಕೂಲು ಅಂಥಾ ಕಡೆ ಆ ಕಟ್ಟು ಇರ್ಲಿಲ್ಲ. ಅಲ್ಲಿ ಮೇಸ್ತ್ರೀನೇ ಬಿಡ್ತಿರ್ಲಿಲ್ಲ. ನೀನೂ ಕಲ್ತ್ಕಂಡ್ರೆ ನಂಗೆ ಗಾರೆ ಕಲ್ಸಿ ಕೊಡೋರ್ಯಾರಲಾ ಅನ್ನೋನಂತೆ. ನಿಮ್ಮಪ್ಪ ಹಾಕಿದೆ ಹಾಕಿದೆ ಅಂತಾನಲ್ಲ, ಅದ್ರಲ್ಲಿ ಒಂದು ನೆಲಾನೂ ಅವ್ನು ಮೆಟ್ಟಿ ನೋಡಿಲ್ಲ."

"ನೀನ್ಯಾಕೆ ಮೊದ್ಲೇ ಹೇಳ್ಲಿಲ್ಲ?"

"ಅವ್ನು ಅಷ್ಟು ಜಂಬವಾಗಿ ಹೇಳ್ವಾಗ ಎಂಗೆ ಹೇಳ್ಲಿ? ನೀನು ಬೇರೆ ಬಾಯ್ ಬಿಟ್ಕಂಡು ಕೇಳೋಳು."

ಧನುಶ್ರೀ ಕಿತ್ತ ಟೈಲ್ಸನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಬೇಲೂರಿನಲ್ಲಿ ಒಮ್ಮೆ ಶಿಕ್ಷಕರ ತರಬೇತಿಗೆ ಅಪ್ಪ ತೋರಿಸುತ್ತಿದ್ದ ಆ ಲಾಡ್ಜಿನ ಸಭಾಂಗಣದಲ್ಲೇ ಮೂರು ದಿನ ಕೂತಿದ್ದಳು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ನಯನಾಗೆ, "ಈ ನೆಲ ನಮ್ಮಪ್ಪ ಹಾಕಿದ್ದು" ಎಂದು ಹೇಳಿಕೊಂಡಿದ್ದಳು. ಈಗ ಅಪ್ಪನ ಮೇಲೆ ಸಿಟ್ಟು ಬಂತು, ಸುಳ್ಳು ಹೇಳಿದ್ದಕ್ಕೆ. ಹೆಸರು ಗೊತ್ತಿಲ್ಲದ ಆ ಮೇಸ್ತ್ರಿಯ ಮೇಲೆ, ಆ ವಕೀಲರ ಮೇಲೆ, ಆ ಡಾಕ್ಟರ ಮೇಲೆ ಬಂತು. ಎಂಟನೇ ಕ್ಲಾಸಿನ ಮಕ್ಕಳ ಮಾತು ಎತ್ತಿದ ತನ್ನ ನಾಲಗೆಯ ಮೇಲೂ ಬಂತು. ಯಾವ ಸಿಟ್ಟನ್ನೂ ಎಲ್ಲಿಯೂ ಹಾಕಲು ಜಾಗವಿರಲಿಲ್ಲ. ಟೈಲ್ಸನ್ನು ಗೋಡೆಗೆ ಒರಗಿಸಲು ಹೋದಳು. ಅದು ಜಾರಿ ಬಿದ್ದು ಮೂರು ಚೂರಾಯಿತು.

ಅಪ್ಪನನ್ನು ಹುಡುಕಿಕೊಂಡು ಹೊರಟಳು. ಟೀ ಅಂಗಡಿಯಲ್ಲಿ ಇರಲಿಲ್ಲ. ರೈಲ್ವೆ ಗೇಟಿನ ಹತ್ತಿರದ ಕಟ್ಟೆಯ ಮೇಲೂ ಇರಲಿಲ್ಲ. ಬಡಾವಣೆಯ ಕೊನೆಗೆ ಒಂದು ಹೊಸ ಮನೆ ಏಳುತ್ತಿತ್ತು. ಅದರ ಮುಂದೆ ಅಪ್ಪನ ಚಪ್ಪಲಿ ಕಂಡವು. ಉಗ್ರಪ್ಪ ಮುಂಬಾಗಿಲ ಚೌಕಟ್ಟಿಗೆ ಕೈ ಕೊಟ್ಟು, ಹೊಸಿಲಿನಿಂದ ಆಚೆ ನಿಂತು ಒಳಗೆ ನೋಡುತ್ತಿದ್ದ. ಒಳಗೆ ನಲವತ್ತರ ಆಸುಪಾಸಿನ ಒಬ್ಬ ಟೈಲ್ಸ್ ಹಾಕುತ್ತಿದ್ದ.

"ಅಪ್ಪ."

ಉಗ್ರಪ್ಪ ತಿರುಗಲಿಲ್ಲ. "ನೋಡು, ಒಂದೊಂದೇ ಕಲ್ಲಿಗೆ ಹುಯ್ತಾವ್ನೆ," ಅಂದ ಮೆಲ್ಲಗೆ. "ನಾನು ಒಂದು ಬಕೀಟು ಕೊಟ್ರೆ ಒಂದು ಸಾಲಿಗೆ ಸರಿಯಾಗೋದು. ಸಾಲಿಗೆಲ್ಲ ಒಂದೇ ಸಲ ಹುಯ್ತಾರೆ ಅಂದ್ಕಂಡಿದ್ದೆ."

ಧನುಶ್ರೀ ಅವನ ಪಕ್ಕಕ್ಕೆ ಬಂದು ನಿಂತಳು. "ಒಳಗೆ ಹೋಗಿ ಕೇಳೋಣ ಬಾ," ಅಂದಳು.

"ಕೆಲ್ಸದಾಗೆ ಇರೋರ್ನ ಯಾಕೆ…"

ಅಷ್ಟರಲ್ಲಿ ಒಳಗಿದ್ದವನೇ ತಲೆ ಎತ್ತಿದ. "ಯಜಮಾನ್ರೇ, ಅರ್ಧ ಗಂಟೆಯಿಂದ ಬಾಗ್ಲಲ್ಲೇ ನಿಂತಿದೀರ. ಬೆಳಕಿಗೆ ಅಡ್ಡ ಆಯ್ತೈತೆ. ಒಳಕ್ಕಾದ್ರೂ ಬನ್ನಿ, ಹೊರಕ್ಕಾದ್ರೂ ಹೋಗಿ."

ಉಗ್ರಪ್ಪ ಹೊಸಿಲನ್ನೊಮ್ಮೆ ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಹೊಸಿಲು ದಾಟಿ ಒಳಗೆ ಹೋದ.

ಆತನ ಹೆಸರು ಇಂದ್ರೇಶ್, ಕಡೂರಿನ ಕಡೆಯವನು. ಡಿಸೆಂಬರಿನ ತನಕ ತನ್ನ ಕೈ ಖಾಲಿಯಿಲ್ಲ ಎಂದು ಮೊದಲೇ ಹೇಳಿಬಿಟ್ಟ. ಆದರೆ ಬಾಯಿ ಖಾಲಿಯಿತ್ತು. ಕೈ ನಿಲ್ಲಿಸದೆ ಒಂದು ಗಂಟೆ ಮಾತಾಡಿದ. ಗೋಡೆಯನ್ನು ನಂಬಲೇಬಾರದು, ಯಾವ ಮನೆಯ ಗೋಡೆಯೂ ನೆಟ್ಟಗಿರುವುದಿಲ್ಲ. ಮೊದಲು ನಾಲ್ಕು ಮೂಲೆಯಲ್ಲಿ ನಾಲ್ಕು ಚೂರು ಟೈಲ್ಸ್ ಕೂರಿಸಿ, ನೀರಿನ ಪೈಪು ಹಿಡಿದು ಮಟ್ಟ ಕಟ್ಟಿಕೊಳ್ಳಬೇಕು, ಬಾಗಿಲ ಕಡೆ ಕೂದಲೆಳೆಯಷ್ಟು ಇಳಿಜಾರು ಇರಬೇಕು. ಬಾಗಿಲಿಂದ ಶುರು ಮಾಡಬೇಕು, ಕತ್ತರಿಸಿದ್ದು ಹಿಂದಿನ ಗೋಡೆಗೆ ಹೋಗಬೇಕು.

"ಮೂಲೆ ಸರಿ ಐತಾ ಅಂತ ಹೆಂಗೆ ನೋಡ್ತೀರ?" ಕೇಳಿದ ಉಗ್ರಪ್ಪ. ಅಷ್ಟು ಹೊತ್ತಿಗೆ ಅವನು ಒಂದು ಸಿಮೆಂಟ್ ಚೀಲದ ಮೇಲೆ ಕೂತು, ಕೇಳಬೇಕಾದ್ದನ್ನೆಲ್ಲ ಕೇಳುತ್ತಿದ್ದ.

"ಸುಲಭ ಯಜಮಾನ್ರೇ. ಮೂಲೆಯಿಂದ ಈ ಕಡೆ ಮೂರಡಿಗೆ ಒಂದು ಗುರುತು, ಆ ಕಡೆ ನಾಲ್ಕಡಿಗೆ ಒಂದು ಗುರುತು. ಎರಡರ ಮಧ್ಯೆ ಐದಡಿ ಬಂದ್ರೆ ಮೂಲೆ ಸರಿ. ಬರ್ಲಿಲ್ಲ ಅಂದ್ರೆ ಸೊಟ್ಟ."

ಧನುಶ್ರೀ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹನ್ನೆರಡು ವರ್ಷದಿಂದ ಪ್ರತಿ ವರ್ಷವೂ ಬೋರ್ಡಿನ ಮೇಲೆ ಮೂರು, ನಾಲ್ಕು, ಐದರ ತ್ರಿಕೋನ ಬರೆದು ಮಕ್ಕಳ ತಲೆ ತಿಂದವಳು ಅವಳು. ನಿನ್ನೆ ದಿನವಿಡೀ ಮಂಡಿಯೂರಿ ಎಡಕ್ಕೆ ಬಲಕ್ಕೆ ತಳ್ಳಾಡುವಾಗ ಅದು ಒಂದು ಸಲವೂ ಹೊಳೆದಿರಲಿಲ್ಲ.

ಮನೆಗೆ ಬಂದು ಅಳೆದರು. ಹಿಂದಿನ ಗೋಡೆ ಒಂದೂವರೆ ಅಂಗುಲ ಸೊಟ್ಟ. ಉಗ್ರಪ್ಪನ ಮುಖ ಅರಳಿತು. "ನೋಡಿದ್ಯಾ? ನಾನ್ ಹೇಳ್ಲಿಲ್ವಾ?"

"ನೀನೆಲ್ಲಿ ಹೇಳ್ದೆ? ಗೋಡೆಗೆ ಅಂಟಿಸ್ಕೊಂಡು ಬಾ ಅಂದೆ!"

"ಈ ಗೋಡೆ ಕಟ್ದೋನು ಸರಿ ಇಲ್ಲ ಅಂದೆ."

"ಮರಳು ಸರಿ ಇಲ್ಲ ಅಂದೆ, ಟೈಲ್ಸ್ ಸರಿ ಇಲ್ಲ ಅಂದೆ. ಗೋಡೆ ಹೆಸರು ಎತ್ಲೇ ಇಲ್ಲ."

"ಇಬ್ರೂ ಬಾಯಿ ಮುಚ್ಕಂಡು ಕೆಲ್ಸ ಮಾಡ್ತೀರೋ, ಇಲ್ಲಾ ನಾನೇ ಇದರ ಮೇಲೆ ಸಗಣಿ ಸಾರ್ಸಿ ಬಿಡ್ಲೋ?" ಅಂದಳು ಹನುಮಮ್ಮ.

ಹಾಕಿದ ಒಂಬತ್ತನ್ನೂ ಕೀಳಬೇಕಾಯಿತು. ಪೊಳ್ಳಾಗಿದ್ದವು ಸಲೀಸಾಗಿ ಎದ್ದವು. ಚೆನ್ನಾಗಿ ಹಿಡಿದಿದ್ದ ಎರಡರಲ್ಲಿ ಒಂದು, ಸರಿಯಾಗಿ ಕೂತಿದ್ದ ತಪ್ಪಿಗೆ, ಕೀಳುವಾಗ ಒಡೆಯಿತು. ಸುತ್ತಿಗೆಗೆ ಎರಡು, ಜಾರಿ ಬಿದ್ದದ್ದು ಒಂದು, ಇದೊಂದು. ನಲವತ್ನಾಲ್ಕು ಹೋಗಿ ನಲವತ್ತಾಯಿತು. ಗಟ್ಟಿಯಾಗಿದ್ದ ಹಾಸನ್ನು ಉಳಿಯಲ್ಲಿ ಕೆತ್ತಿ ತೆಗೆಯುವುದಕ್ಕೆ ಒಂದು ಇಡೀ ದಿನ ಬೇಕಾಯಿತು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ರಜೆಗೆ ಅಂತ ಇಟ್ಟುಕೊಂಡಿದ್ದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚದೆ ಬಿದ್ದಿತ್ತು. ಧನುಶ್ರೀ ಮಧ್ಯದಲ್ಲಿ ಎರಡು ಸಲ ಉಳಿ ಎಸೆದು, ದೀಪಾವಳಿಯ ತನಕ ಹೀಗೇ ಇರಲಿ ಎಂದು ಹೊರಗೆ ಹೋಗಿ ಕೂತಳು. ಎರಡು ಸಲವೂ ಎದ್ದು ಬಂದಳು. ಬಾರದೆ ಇದ್ದರೆ ಅಪ್ಪ ಮಂಡಿ ಊರಿ ಕೆತ್ತಲು ಹೋಗುತ್ತಿದ್ದ.

ನಾಲ್ಕನೆಯ ದಿನ ಕೆಲಸ ಸಾಗಿತು. ಅಪ್ಪ ಈಗ ಬಾಗಿಲಲ್ಲಿ ನಿಲ್ಲಲಿಲ್ಲ. ಸ್ಟೂಲನ್ನು ಒಳಗೇ ತಂದು ಹಾಕಿಕೊಂಡು, ದಾರದ ಒಂದು ತುದಿ ಹಿಡಿದು, ಒಂದು ಕಣ್ಣು ಮುಚ್ಚಿ ಸಾಲು ನೋಡುತ್ತಿದ್ದ. ಸಿಮೆಂಟ್ ನೀರು ಒಂದೊಂದೇ ಟೈಲ್ಸಿಗೆ ಒಂದೊಂದು ಚೊಂಬು. ಹಾಗೆಂದು ಸಲೀಸಾಗಲಿಲ್ಲ. ಸಂದಿನಲ್ಲಿ ಇಡುವ ಪ್ಲಾಸ್ಟಿಕ್ ಚೂರುಗಳು ಸಾಲದೆ ಬೆಂಕಿಕಡ್ಡಿ ಮುರಿದು ಇಟ್ಟರು. ಎರಡು ಸಾಲು ಮುಗಿದ ಮೇಲೆ ನೋಡಿದರೆ ಮುಂಬಾಗಿಲ ಕದ ಹೊಸ ನೆಲಕ್ಕೆ ತಗುಲಿ ಮುಕ್ಕಾಲಕ್ಕೇ ನಿಲ್ಲುತ್ತಿತ್ತು. ಕದ ಕಳಚಿ, ಬಡಗಿಯ ಹತ್ತಿರ ಹೊತ್ತುಕೊಂಡು ಹೋಗಿ, ಕೆಳಗೆ ಅರ್ಧ ಅಂಗುಲ ಕೊಯ್ಯಿಸಿ ತರುವುದಕ್ಕೆ ಮತ್ತರ್ಧ ದಿನ ಹೋಯಿತು. ಅಷ್ಟು ಹೊತ್ತೂ ಬಾಗಿಲಿಲ್ಲದ ಮನೆಯೊಳಕ್ಕೆ ಬೀದಿಯ ಎರಡು ಆಡು ಬಂದು, ಹಸಿ ನೆಲದ ಮೇಲೆ ಓಡಾಡಿ, ಹನುಮಮ್ಮನ ಕೈಲಿ ಪೊರಕೆಯೇಟು ತಿಂದು ಹೋದವು. ಅವು ತುಳಿದ ಮೂರು ಟೈಲ್ಸನ್ನು ಮತ್ತೆ ಎತ್ತಿ ಕೂರಿಸಬೇಕಾಯಿತು.

ಆರನೆಯ ದಿನ ಕತ್ತರಿಸುವ ಕೆಲಸ. ಬಾಡಿಗೆಗೆ ತಂದ ಕಟಿಂಗ್ ಮಿಷನ್ನು ಧನುಶ್ರೀಯ ಕೈಯಲ್ಲಿ ಹುಚ್ಚುನಾಯಿಯ ಹಾಗೆ ಎಳೆದಾಡಿತು. ಎರಡು ಟೈಲ್ಸು ಸೊಟ್ಟ ಕೊಯ್ದು ಹಾಳಾದವು. ಬೇಕಾದದ್ದು ಮೂವತ್ತೊಂಬತ್ತು, ಉಳಿದದ್ದು ಮೂವತ್ತೆಂಟು. ಚೂರು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದರೆ, ಆ ನಂಬರಿನದು ಬರುವುದು ನಿಂತಿದೆ ಅಂದರು. ಹತ್ತಿರದ ಬಣ್ಣದ್ದು ಒಂದು ಕೊಟ್ಟರು. ಅಂಗಡಿಯ ಲೈಟಿನಲ್ಲಿ ಎರಡೂ ಒಂದೇ ಥರ ಕಂಡಿದ್ದವು. ಮನೆಯ ಬಿಸಿಲಿನಲ್ಲಿ ಇಟ್ಟರೆ, ಒಂದು ಹಾಲು, ಇನ್ನೊಂದು ಮಜ್ಜಿಗೆ.

"ಟಿವಿ ಸ್ಟ್ಯಾಂಡ್ ಕೆಳಗೆ ಹಾಕ್ಬಿಡೋಣ," ಅಂದಳು ಧನುಶ್ರೀ.

"ಹೂಂ, ಹಾಕು. ಯಾರೂ ಕೇಳಕ್ಕಿಲ್ಲ," ಅಂದ ಉಗ್ರಪ್ಪ. ಆ ಆರು ದಿನದಲ್ಲಿ ಅಪ್ಪ ಮಗಳು ಜಗಳವಿಲ್ಲದೆ ಒಪ್ಪಿದ್ದು ಅದೊಂದೇ.

ಏಳನೆಯ ದಿನ ಮಧ್ಯಾಹ್ನಕ್ಕೆ ಹಿಂದಿನ ಗೋಡೆಯ ಅರ್ಧ ಸಾಲು ಮಾತ್ರ ಉಳಿಯಿತು. ಗೋಡೆಯ ಉದ್ದಕ್ಕೂ ಸುಮಾರು ಒಂದಡಿ ಅಗಲದ ಪಟ್ಟಿ. ಏಳು ಅರ್ಧ ಟೈಲ್ಸು ಸಾಲಾಗಿ ಕಾದಿದ್ದವು. ಧನುಶ್ರೀ ಗಾರೆ ಬಳಿಯುವ ಕರಣೆ ಎತ್ತಿಕೊಳ್ಳುವಷ್ಟರಲ್ಲಿ ಉಗ್ರಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡ.

"ಈ ಸಾಲು ನಾನ್ ಹಾಕ್ತೀನಿ."

"ಡಾಕ್ಟ್ರು ಏನ್ ಹೇಳಿದಾರೆ? ಮಂಡಿ ಮಡಿಸ್ಬೇಡಿ ಅಂತ ಹೇಳಿಲ್ವಾ?"

"ಡಾಕ್ಟ್ರಿಗೆ ನೆಲ ಹಾಕಾದು ಗೊತ್ತಾ?"

ಹನುಮಮ್ಮ ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಡಿಸಿ ತಂದು ಹಾಕಿದಳು. "ನಿಮ್ಮಪ್ಪ ಬಿದ್ರೆ ಎತ್ತೋಳು ನೀನೇ," ಎಂದು ಮಗಳಿಗೆ ಹೇಳಿದಳು. ಉಗ್ರಪ್ಪ ಗೋಡೆ ಹಿಡಿದು, ಒಂದೊಂದೇ ಮಂಡಿ ಇಳಿಸಿ, ಹಲ್ಲು ಕಚ್ಚಿಕೊಂಡು ಕೂತ. ಹಾಸು ಹರಡಿ, ಚೊಂಬಿನಿಂದ ಸಿಮೆಂಟ್ ನೀರು ಎರೆದು, ಮೊದಲ ಟೈಲ್ಸನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದ. ಸುತ್ತಿಗೆಯಿಂದ ನಾಲ್ಕೂ ಮೂಲೆಗೆ ತಟ್ಟಿದ. ಸೊಗಸಾಗಿ ಕೂತ ಹಾಗೆ ಕಂಡಿತು.

ಧನುಶ್ರೀ ಅಂಗೈಯಿಂದ ಸವರಿ ನೋಡಿದಳು. ಪಕ್ಕದ್ದಕ್ಕಿಂತ ಒಂದು ದಾರದಷ್ಟು ಎತ್ತರವಿತ್ತು. ಹೇಳಬೇಕೋ ಬೇಡವೋ ಎಂದು ಇನ್ನೊಂದು ಸಲ ಸವರಿದಳು. ಬೇರೆ ಯಾರಾದರೂ ಆಗಿದ್ದರೆ ಬಿಡಬಹುದಿತ್ತು. ಏಳು ದಿನ ತನ್ನನ್ನು ಇವನು ಬಿಟ್ಟಿದ್ದನೇ?

"ಎತ್ರ ಆಯ್ತು ಅಪ್ಪ."

"ಎಲ್ಲೈತೆ ಎತ್ರ? ಕಣ್ ನೆಟ್ಟಗೆ ಬಿಟ್ಟು ನೋಡು."

ಅವಳು ರಸಮಟ್ಟ ತಂದು ಮೇಲಿಟ್ಟಳು. ಗಾಜಿನೊಳಗಿನ ಗುಳ್ಳೆ ಒಂದು ಪಕ್ಕಕ್ಕೆ ಓಡಿತು.

"ರಸಮಟ್ಟ ಕೆಟ್ಟೈತೆ," ಅಂದ ಉಗ್ರಪ್ಪ.

ಗುಳ್ಳೆಯನ್ನೇ ನೋಡುತ್ತ ಕೂತಿದ್ದವನು, ಕಡೆಗೆ ಕರಣೆಯ ತುದಿ ಕೊಟ್ಟು ತಾನೇ ಟೈಲ್ಸನ್ನು ಎತ್ತಿದ. ಹಾಸನ್ನು ಸ್ವಲ್ಪ ಕೆರೆದು ಮತ್ತೆ ಇಟ್ಟ. ಈ ಸಲ ತಗ್ಗಾಯಿತು. "ಹಾಳಾದ್ದು," ಎಂದು ಬೈದು, ಮತ್ತೆ ಎತ್ತಿ, ಒಂದು ಹಿಡಿ ಕಲಸಿದ್ದನ್ನು ತುಂಬಿ, ಮತ್ತೆ ನೀರು ಎರೆದು, ಮತ್ತೆ ಇಳಿಸಿದ. ಕಣ್ಣಿಗೆ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮೂರನೆಯ ಸಲ ಅಂಗೈ ಸವರಿದರೆ ಸಂದು ಎಲ್ಲೂ ತಡೆಯಲಿಲ್ಲ. ಗುಳ್ಳೆ ನಡುವೆ ಬಂದು ನಿಂತಿತು.

"ಈಗ?" ಅಂದ.

"ಈಗ ಸರಿ."

ಉಗ್ರಪ್ಪ ಎರಡನೆಯದಕ್ಕೆ ಸರಿದುಕೊಳ್ಳಲು ನೋಡಿದ. ಆಗಲಿಲ್ಲ. ಬಲಗಾಲಿನ ಮಂಡಿ ಮಡಿಚಿದ್ದಲ್ಲೇ ಹಿಡಿದುಕೊಂಡಿತ್ತು. "ಅವ್ವಾ, ಹಿಡ್ಕಳೇ" ಅಂದ. ಧನುಶ್ರೀ ಒಂದು ಕಂಕುಳಿಗೆ, ಹನುಮಮ್ಮ ಇನ್ನೊಂದಕ್ಕೆ ಕೈ ಕೊಟ್ಟು ಎತ್ತಿದರು. ಎತ್ತುವಾಗ ಅವನ ಹಿಮ್ಮಡಿ ಎಲ್ಲಿ ಊರುತ್ತಿದೆ ಎಂದು ಮೂವರಲ್ಲಿ ಯಾರೂ ನೋಡಲಿಲ್ಲ. ಈಗತಾನೇ ಕೂರಿಸಿದ್ದ ಟೈಲ್ಸು ಕಚಕ್ಕನೆ ಒಂದು ಕಡೆ ಇಳಿದು, ಇನ್ನೊಂದು ಕಡೆ ಎದ್ದು ನಿಂತಿತು.

"ಥೂ ನಿನ್ನ!" ಎಂದು ಉಗ್ರಪ್ಪ ಕಾಲಿಗೆ ಬೈದನೋ ಟೈಲ್ಸಿಗೆ ಬೈದನೋ ತಿಳಿಯಲಿಲ್ಲ. ಧನುಶ್ರೀಗೆ ಅಳಬೇಕೆನಿಸಿತು, ಬಾಯಿ ತೆರೆದರೆ ನಗು ಬಂತು. ಹನುಮಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು.

"ಏನ್ ನಗಾದು? ಬಿಡ್ರೇ ನನ್ನ," ಅಂದ ಉಗ್ರಪ್ಪ. ಕಾಲನ್ನು ಎರಡು ಸಲ ಝಾಡಿಸಿದ. ಮಗಳು ಬಗ್ಗಿ ಟೈಲ್ಸಿಗೆ ಕೈ ಹಾಕುವುದನ್ನು ಕಂಡು, "ಮುಟ್ಟಬೇಡ ಅದನ್ನ" ಎಂದು ಗದರಿಸಿದ. ಮತ್ತೆ ಗೋಡೆ ಹಿಡಿದು, ಒಂದೊಂದೇ ಮಂಡಿ ಇಳಿಸತೊಡಗಿದ.